ಕೊಡದೆ ಕೊಂಡದ್ದರ ಲೆಕ್ಕ

ಪೇಟೆಯ ಹಳೆಯ ಅಂಗಡಿಗಳಲ್ಲಿ ಗಿರಾಕಿಯ ಖಾತೆ ಎಂಬುದು ಕೇವಲ ಬಾಕಿ ಹಣದ ಲೆಕ್ಕವಾಗಿರಲಿಲ್ಲ. ಯಾರ ಮನೆಯ ಮದುವೆಗೆ ಜವಳಿ ಉದ್ದರಿಯಾಗಿ ಹೋಯಿತು, ಯಾರು ಬಳೆಯನ್ನು ಅಡವಿಟ್ಟರು, ಯಾರ ಸಂಸಾರದಲ್ಲಿ ಈ ವರ್ಷ ಕೈ ಬಿಗಿಯಾಗಿದೆ ಎಂಬ ಸಂಗತಿಗಳೆಲ್ಲ ಆ ಪುಟಗಳಲ್ಲಿ ತಾವಾಗಿಯೇ ದಾಖಲಾಗುತ್ತಿದ್ದವು. ಮರ್ಯಾದಸ್ಥನಾದ ವರ್ತಕನು ಆ ಪುಸ್ತಕವನ್ನು ಇನ್ನೊಬ್ಬ ಗಿರಾಕಿಯ ಎದುರು ತೆರೆಯುತ್ತಿರಲಿಲ್ಲ. ಹಾಗೆ ಮಾಡಬಾರದೆಂದು ಯಾವ ಕಾನೂನೂ ಅವನಿಗೆ ಹೇಳಿರಲಿಲ್ಲ. ವ್ಯಾಪಾರಕ್ಕಾಗಿ ತಿಳಿದುಬಂದ ಸಂಗತಿ ವ್ಯಾಪಾರದ ಮಟ್ಟಿಗೆ ಮಾತ್ರ ತನ್ನದು, ಉಳಿದಂತೆ ಅದು ಗಿರಾಕಿಯದು ಎಂಬ ತಿಳಿವಳಿಕೆ ಅವನಲ್ಲಿತ್ತು.

ಇಂದು ಮನೆಮನೆಯ ಮೊಬೈಲಿನಲ್ಲಿ ಇಂಥ ಖಾತೆಯೊಂದು ಹಗಲಿರುಳೂ ಬರೆಯಲ್ಪಡುತ್ತಿದೆ. ಅದನ್ನು ಬರೆಯುವವರ ಅಂಗಡಿಗೆ ಗಿರಾಕಿಯು ಎಂದೂ ಹೋಗಿಲ್ಲ. ಅವರ ಹೆಸರನ್ನೂ ಕೇಳಿಲ್ಲ. ಇದರಿಂದ ಬೇಸತ್ತ ಅನೇಕರು ಜಾಹೀರಾತು ತಡೆಯುವ ತಂತ್ರಾಂಶಗಳನ್ನು ಹಾಕಿಕೊಳ್ಳುತ್ತಿದ್ದಾರೆ. ಇನ್ನು ಕೆಲವರು ತಮ್ಮ ಚಿತ್ರ, ಕಾಗದಪತ್ರಗಳನ್ನು ದೊಡ್ಡ ಸಂಸ್ಥೆಗಳ ಕೈಯಲ್ಲಿಡದೆ ಮನೆಯಲ್ಲಿಯೇ ಸಣ್ಣದೊಂದು ಸರ್ವರ್ ಇಟ್ಟುಕೊಳ್ಳುತ್ತಿದ್ದಾರೆ. ಇಲ್ಲಿ ಒಂದು ಧರ್ಮಪ್ರಶ್ನೆ ಏಳುತ್ತದೆ. ಜಾಹೀರಾತಿನ ಆದಾಯದಿಂದಲೇ ನಡೆಯುವ ಪತ್ರಿಕೆಯನ್ನು ಜಾಹೀರಾತು ತಡೆದು ಓದುವುದು ಆತ್ಮರಕ್ಷಣೆಯೇ, ಅಥವಾ ಇನ್ನೊಬ್ಬರಿಗೆ ಸಲ್ಲಬೇಕಾದುದನ್ನು ಸಲ್ಲಿಸದೆ ಉಣ್ಣುವುದೇ? ಗೃಹಸ್ಥನು ಸ್ವೀಕರಿಸುವ ಅಣುವ್ರತಗಳಲ್ಲಿ ಅಚೌರ್ಯಕ್ಕೆ ಸ್ಥಾನವಿರುವುದರಿಂದ ಈ ಪ್ರಶ್ನೆಯನ್ನು ತಾಂತ್ರಿಕರಿಗೆ ಬಿಟ್ಟು ಸುಮ್ಮನಿರುವಂತಿಲ್ಲ. ಎರಡೂ ಪಕ್ಷಗಳ ಜಮಾ ಖರ್ಚನ್ನು ನೋಡಿಯೇ ತೀರ್ಮಾನಕ್ಕೆ ಬರಬೇಕು.

ಖಾತೆ ಬರೆಯಲ್ಪಡುವ ಬಗೆ

1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ತಂತ್ರಜ್ಞ ಲೂ ಮಾಂಟುಲ್ಲಿ ಎಂಬವರು ‘ಕುಕೀ’ ಎಂಬ ಸಣ್ಣ ಗುರುತುಚೀಟಿಯನ್ನು ರೂಪಿಸಿದರು. ಅಂತರಜಾಲದ ಅಂಗಡಿಯಲ್ಲಿ ಗಿರಾಕಿಯು ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಅವನ ಬುಟ್ಟಿಯಲ್ಲಿ ಏನಿತ್ತೆಂಬುದು ಮರೆತುಹೋಗದಿರಲಿ ಎಂಬುದು ಅದರ ಉದ್ದೇಶವಾಗಿತ್ತು. ಉದ್ದೇಶದಲ್ಲಿ ದೋಷವಿರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಹಾಟ್‌ವೈರ್ಡ್’ ಎಂಬ ಅಮೆರಿಕದ ಜಾಲಪತ್ರಿಕೆ ತನ್ನ ಪುಟದ ಮೇಲೆ ಪಟ್ಟಿಯ ರೂಪದ ಜಾಹೀರಾತುಗಳನ್ನು ಪ್ರಕಟಿಸಿತು. ಮುಂದೆ ಇವೆರಡೂ ಒಂದುಗೂಡಿದವು. ನೂರು ಪತ್ರಿಕೆಗಳಿಗೆ ಜಾಹೀರಾತು ಒದಗಿಸುವ ಒಂದೇ ಸಂಸ್ಥೆಯು ಆ ನೂರು ಕಡೆಯೂ ತನ್ನ ಗುರುತುಚೀಟಿಯನ್ನು ಅಂಟಿಸುತ್ತ ಬಂದರೆ, ಒಬ್ಬನೇ ಓದುಗನು ಎಲ್ಲೆಲ್ಲಿ ಹೋದ, ಎಷ್ಟು ಹೊತ್ತು ನಿಂತ, ಏನನ್ನು ಹುಡುಕಿದ ಎಂಬುದೆಲ್ಲ ಅದರ ಪುಸ್ತಕದಲ್ಲಿ ಒಂದೆಡೆ ಸೇರುತ್ತದೆ.

ಇಂದು ಪುಟವೊಂದು ತೆರೆದುಕೊಳ್ಳುವ ಅಲ್ಪಾವಧಿಯಲ್ಲಿ, ಸಾಮಾನ್ಯವಾಗಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ, ಅಲ್ಲಿನ ಖಾಲಿ ಜಾಗಕ್ಕೆ ಹರಾಜು ನಡೆದುಹೋಗುತ್ತದೆ. ಹರಾಜಿಗೆ ಬಂದವರಿಗೆ ಓದುಗನ ಮೊಬೈಲಿನ ಗುರುತು, ಇರುವ ಊರಿನ ಅಂದಾಜು, ಓದುತ್ತಿರುವ ವಿಷಯ ಮುಂತಾದುವನ್ನು ತಿಳಿಸಲಾಗುತ್ತದೆ. ಸವಾಲಿನಲ್ಲಿ ಗೆಲ್ಲುವವನು ಒಬ್ಬನೇ. ಆದರೆ ಸೋತವರಿಗೂ ಆ ವಿವರ ತಲುಪಿರುತ್ತದೆ. ಅಡಕೆ ಮಂಡಿಯ ಹರಾಜಿನಲ್ಲಿ ಸೋತವನು ಮಾಲನ್ನು ಹೊತ್ತು ಹೋಗಲಾರ. ಇಲ್ಲಿ ಸೋತವನ ಕೈಯಲ್ಲಿಯೂ ಮಾಲಿನ ಪಾಲೊಂದು ಉಳಿಯುತ್ತದೆ. ಮನೆಯ ಹಿರಿಯರಿಗೆ ಬಂದ ವ್ಯಾಧಿಯ ಬಗ್ಗೆ ಮಗನು ರಾತ್ರಿ ಹುಡುಕಿದ್ದು, ಸೊಸೆಯು ಬಸುರಿನ ಆರೈಕೆಯ ಲೇಖನ ಓದಿದ್ದು, ಸಾಲದ ಬಡ್ಡಿಯನ್ನು ಯಜಮಾನನು ಲೆಕ್ಕ ಹಾಕಿದ್ದು ಇವೆಲ್ಲ ಹೀಗೆ ಹೊರಬೀಳಬಲ್ಲ ಸಂಗತಿಗಳು.

‘ಮುಚ್ಚಿಡುವಂಥದ್ದು ಏನಿದೆ?’

ತಪ್ಪು ಮಾಡದವನಿಗೆ ಭಯವೇಕೆ, ನೋಡುವವರು ನೋಡಲಿ ಎಂದು ಸಜ್ಜನರೇ ಹೇಳುವುದುಂಟು. ಮೇಲ್ನೋಟಕ್ಕೆ ಇದು ನಿರ್ಮಲ ಮನಸ್ಸಿನ ಮಾತಾಗಿ ಕಂಡರೂ ಪರಿಶೀಲಿಸಿದಾಗ ನಿಲ್ಲುವುದಿಲ್ಲ. ಸ್ನಾನದ ಮನೆಗೆ ಬಾಗಿಲು ಹಾಕಿಕೊಳ್ಳುವವನು ಅಪರಾಧಿಯಲ್ಲ. ಗುಪ್ತದಾನ ಮಾಡುವವನೂ ಅಪರಾಧಿಯಲ್ಲ. ಮುಚ್ಚಿಡುವುದರಲ್ಲಿ ಲಜ್ಜೆಯಿದೆ, ವಿನಯವಿದೆ, ಇನ್ನೊಬ್ಬರ ಮೇಲಿನ ಕರುಣೆಯೂ ಇದೆ.

1890ರಲ್ಲಿ ಅಮೆರಿಕದ ನ್ಯಾಯವಾದಿಗಳಾದ ಸ್ಯಾಮ್ಯುಯೆಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್ ಅವರು ಖಾಸಗಿತನದ ಹಕ್ಕನ್ನು ಪ್ರತಿಪಾದಿಸಿ ಬರೆದ ಲೇಖನಕ್ಕೆ ಪ್ರೇರಣೆಯಾದದ್ದು ಆಗ ಹೊಸದಾಗಿ ಬಂದಿದ್ದ ಕ್ಷಿಪ್ರ ಛಾಯಾಚಿತ್ರಣ ಮತ್ತು ಪತ್ರಿಕೆಗಳ ಅತಿ ಕುತೂಹಲ. ನಮ್ಮ ದೇಶದಲ್ಲಿ ಈ ಹಕ್ಕಿಗೆ ಸ್ಪಷ್ಟ ಸ್ವರೂಪ ಬಂದದ್ದು ಕನ್ನಡನಾಡಿನ ಹಿರಿಯರೊಬ್ಬರ ಹೆಸರಿನ ಮೊಕದ್ದಮೆಯಿಂದ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಸಂವಿಧಾನದ 21ನೆಯ ವಿಧಿಯಲ್ಲಿ ಅಡಗಿರುವ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ತೀರ್ಪು ಮುಖ್ಯವಾಗಿ ಸರ್ಕಾರವನ್ನು ಕುರಿತದ್ದಾದರೂ ಖಾಸಗಿ ಸಂಸ್ಥೆಗಳ ಕೈಯಲ್ಲಿ ಸೇರುವ ಮಾಹಿತಿಯ ಅಪಾಯವನ್ನೂ ಗುರುತಿಸಿತು. ಪುಟ್ಟಸ್ವಾಮಿ ಅವರು 2024ರಲ್ಲಿ ನಿಧನರಾದರು.

ಇನ್ನೊಂದು ಅಂಶವನ್ನು ಮರೆಯಬಾರದು. ಒಬ್ಬನ ಖಾಸಗಿತನವು ಅವನೊಬ್ಬನದೇ ಆಗಿರುವುದಿಲ್ಲ. 2018ರಲ್ಲಿ ಬಯಲಾದ ಕೇಂಬ್ರಿಜ್ ಅನಲಿಟಿಕಾ ಪ್ರಕರಣದಲ್ಲಿ ಫೇಸ್‌ಬುಕ್ಕಿನ ಒಂದು ಪ್ರಶ್ನಾವಳಿಗೆ ತಾವಾಗಿ ಉತ್ತರಿಸಿದವರು ಸುಮಾರು 2 ಲಕ್ಷ 70 ಸಾವಿರ ಮಂದಿ. ಅವರ ಸ್ನೇಹಿತರೆಂಬ ಕಾರಣಕ್ಕೆ ವಿವರ ಕಳೆದುಕೊಂಡವರು ಫೇಸ್‌ಬುಕ್ ಸಂಸ್ಥೆಯ ಅಂದಾಜಿನಂತೆಯೇ 8 ಕೋಟಿ 70 ಲಕ್ಷದವರೆಗೆ. ‘ನನಗೇನೂ ಭಯವಿಲ್ಲ’ ಎಂದು ಬಾಗಿಲು ತೆರೆದವನು ನೆರೆಯವರ ಬಾಗಿಲನ್ನೂ ತೆರೆದುಬಿಟ್ಟಿದ್ದನು. ಆದುದರಿಂದ ಮನೆಯ ಯಜಮಾನನಿಗೆ ಉದಾಸೀನವು ಕೇವಲ ವೈಯಕ್ತಿಕ ರುಚಿಯಲ್ಲ; ಅದರಿಂದ ಪರರಿಗೆ ಪೀಡೆಯಾಗಬಲ್ಲದು.

ತಡೆಯುವ ಸಾಧನಗಳು

ಜಾಹೀರಾತು ತಡೆಯುವ ತಂತ್ರಾಂಶದ ಕೆಲಸ ಸರಳವಾದುದು. ಗುರುತುಚೀಟಿ ಅಂಟಿಸುವ ತಾಣಗಳ ಹೆಸರುಗಳ ಪಟ್ಟಿಯೊಂದು ಅದರ ಬಳಿ ಇರುತ್ತದೆ. ಪುಟ ತೆರೆಯುವಾಗ ಬ್ರೌಸರು ಆ ತಾಣಗಳನ್ನು ಸಂಪರ್ಕಿಸಹೊರಟರೆ ಅದು ತಡೆಯುತ್ತದೆ. ‘ಈಸಿಲಿಸ್ಟ್’ ಎಂಬ ಪ್ರಸಿದ್ಧ ಪಟ್ಟಿಯು 2005ರಲ್ಲಿ ಆರಂಭವಾಯಿತು. ಇದನ್ನು ತಿದ್ದಿ ಬೆಳೆಸುತ್ತ ಬಂದವರು ಸ್ವಯಂಸೇವಕರು. ರೇಮಂಡ್ ಹಿಲ್ ಎಂಬವರು 2014ರಲ್ಲಿ ಆರಂಭಿಸಿ, ಮುಂದೆ ‘ಯುಬ್ಲಾಕ್ ಆರಿಜಿನ್’ ಎಂದು ಹೆಸರಾದ ತಂತ್ರಾಂಶಕ್ಕೆ ಬೆಲೆಯಿಲ್ಲ, ಜಾಹೀರಾತಿಲ್ಲ. ಅವರು ಕಾಣಿಕೆಯನ್ನೂ ಸ್ವೀಕರಿಸುವುದಿಲ್ಲ. ಕೊಡಬಯಸುವವರು ಪಟ್ಟಿಗಳನ್ನು ನೋಡಿಕೊಳ್ಳುವವರಿಗೆ ಕೊಡಲಿ ಎಂಬುದು ಅವರ ನಿಲುವು.

ಹೀಗೆಂದು ತಡೆಯುವವರೆಲ್ಲರೂ ನಿಃಸ್ವಾರ್ಥಿಗಳೆಂದು ಭಾವಿಸಬಾರದು. ‘ಆಡ್‌ಬ್ಲಾಕ್ ಪ್ಲಸ್’ ಎಂಬ ಇನ್ನೊಂದು ತಂತ್ರಾಂಶದವರು 2011ರಿಂದ ತಾವು ಒಪ್ಪತಕ್ಕವೆಂದು ಗುರುತಿಸಿದ ಜಾಹೀರಾತುಗಳಿಗೆ ದಾರಿಬಿಡುವ ಪದ್ಧತಿ ತಂದು, ಅದಕ್ಕಾಗಿ ದೊಡ್ಡ ಸಂಸ್ಥೆಗಳಿಂದ ಹಣ ಪಡೆಯುತ್ತ ಬಂದಿದ್ದಾರೆ. ಬೇಡವೆನ್ನುವವರು ಅದನ್ನು ನಿಲ್ಲಿಸಿಕೊಳ್ಳಬಹುದಾದರೂ, ಕಾವಲುಗಾರನಿಗೆ ಸಂಬಳ ಯಾರಿಂದ ಬರುತ್ತದೆ ಎಂದು ವಿಚಾರಿಸದೆ ಅವನನ್ನು ಬಾಗಿಲಲ್ಲಿ ನಿಲ್ಲಿಸುವುದು ಜಾಣತನವಲ್ಲ. ಕ್ರೋಮ್ ಬ್ರೌಸರಿನ ಒಡೆಯರು ಜಾಹೀರಾತು ವ್ಯಾಪಾರದಲ್ಲಿಯೇ ಅಗ್ರಗಣ್ಯರೆಂಬುದನ್ನೂ ನೆನಪಿಡಬೇಕು. 2024–25ರಲ್ಲಿ ಆ ಬ್ರೌಸರಿನ ನಿಯಮ ಬದಲಾದ ಮೇಲೆ ಯುಬ್ಲಾಕ್ ಆರಿಜಿನ್ ಅಲ್ಲಿ ಪೂರ್ಣರೂಪದಲ್ಲಿ ನಡೆಯದಾಯಿತು. ಅದರ ಕಿರಿದಾದ ‘ಲೈಟ್’ ರೂಪ ಮಾತ್ರ ಉಳಿಯಿತು. ಫೈರ್‌ಫಾಕ್ಸ್ ಬ್ರೌಸರು ಪೂರ್ಣರೂಪಕ್ಕೆ ಅವಕಾಶ ಉಳಿಸಿಕೊಂಡಿತು.

ಈ ತಡೆಯಿಂದ ಹಣದ ರಕ್ಷಣೆಯೂ ಆಗುತ್ತದೆ. ಹುಡುಕು ಯಂತ್ರಗಳಲ್ಲಿ ವಂಚಕರು ಜಾಹೀರಾತಿನ ಜಾಗ ಕೊಂಡು, ಹೆಸರಾಂತ ಸಂಸ್ಥೆಗಳ ಸೋಗಿನಲ್ಲಿ ಜನರನ್ನು ಮೋಸದ ತಾಣಗಳಿಗೆ ಎಳೆಯುತ್ತಿರುವುದನ್ನು ಕಂಡು, 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಇಲಾಖೆಯೇ ಹುಡುಕುವಾಗ ಜಾಹೀರಾತು ತಡೆಯನ್ನು ಬಳಸುವಂತೆ ಸಾರ್ವಜನಿಕರಿಗೆ ಸಲಹೆಯಿತ್ತಿತು. ಆದರೆ ಇದನ್ನು ಸರ್ವರಕ್ಷೆಯೆಂದು ನಂಬಲಾಗದು. ಒಂದು ಸಂಸ್ಥೆಯ ತಾಣದಲ್ಲಿ ತನ್ನ ಹೆಸರು ಹೇಳಿಯೇ ಒಳಹೋದವನ ಚಟುವಟಿಕೆಯನ್ನು ಆ ಸಂಸ್ಥೆಯು ಬರೆದುಕೊಳ್ಳುವುದನ್ನು ಇದು ತಡೆಯಲಾರದು.

ಇದು ಕಳವೇ?

ಈಗ ಪ್ರತಿಪಕ್ಷದ ವಾದವನ್ನು ನ್ಯಾಯವಾಗಿ ಕೇಳಬೇಕು. ಸುದ್ದಿ ತರುವವನಿಗೆ ಸಂಬಳ ಕೊಡಬೇಕು. ಅಡುಗೆಯ ವಿಧಾನ ಬರೆದ ಗೃಹಿಣಿಗೂ ಶ್ರಮವಾಗಿದೆ. ಬೆಲೆ ಕೇಳದೆ ಕೊಟ್ಟದ್ದು ಜಾಹೀರಾತಿನ ಭರವಸೆಯಿಂದ. ಓದುಗನು ಊಟ ಮಾಡಿ, ಹಣ ಕೇಳುವಷ್ಟರಲ್ಲಿ ಹಿಂಬಾಗಿಲಿನಿಂದ ಹೋದರೆ ಅದನ್ನು ಏನೆನ್ನಬೇಕು?

ಜರ್ಮನಿಯಲ್ಲಿ ಆಕ್ಸೆಲ್ ಸ್ಪ್ರಿಂಗರ್ ಎಂಬ ದೊಡ್ಡ ಪತ್ರಿಕಾ ಸಂಸ್ಥೆಯು ಆಡ್‌ಬ್ಲಾಕ್ ಪ್ಲಸ್‌ನ ಒಡೆಯರ ವಿರುದ್ಧ ಇದೇ ಬಗೆಯ ದೂರನ್ನು ಹೂಡಿತ್ತು. 2018ರ ಏಪ್ರಿಲ್‌ನಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಾಲಯವು ಜಾಹೀರಾತು ತಡೆಯುವುದು ಅನ್ಯಾಯದ ಸ್ಪರ್ಧೆಯಲ್ಲವೆಂದಿತು. ಹಕ್ಕುಸ್ವಾಮ್ಯದ ಆಧಾರದ ಮೇಲೆ ಹೂಡಿದ ಮತ್ತೊಂದು ದಾವೆಯನ್ನು ಅದೇ ನ್ಯಾಯಾಲಯವು 2025ರಲ್ಲಿ ಮರುವಿಚಾರಣೆಗಾಗಿ ಕೆಳಗಿನ ನ್ಯಾಯಾಲಯಕ್ಕೆ ಕಳುಹಿಸಿತು. ಆದರೆ ಕಾನೂನು ಶಿಕ್ಷಿಸದ ಕಾರ್ಯವೆಲ್ಲ ಧರ್ಮ್ಯವೆಂದು ಹೇಳಲಾಗದು. ಆದುದರಿಂದ ವಿಚಾರವನ್ನು ಕೋರ್ಟಿನ ಹೊಸ್ತಿಲಲ್ಲಿ ನಿಲ್ಲಿಸದೆ ಮುಂದುವರಿಸಬೇಕಾಗುತ್ತದೆ.

ಕಳವಿನ ಲಕ್ಷಣ ಅದತ್ತಾದಾನ, ಎಂದರೆ ಒಡೆಯನು ಕೊಡದಿರುವುದನ್ನು ತೆಗೆದುಕೊಳ್ಳುವುದು. ಈ ಅಳತೆಗೋಲನ್ನು ಎರಡೂ ಕಡೆಗೆ ಹಿಡಿಯಬೇಕು. ಅಂಗಡಿಯ ಮೇಲಿನ ನಾಮಫಲಕವೂ ಜಾಹೀರಾತೇ. ಅದು ದಾರಿಹೋಕನಿಂದ ಏನನ್ನೂ ಕಸಿಯುವುದಿಲ್ಲ. ಮುದ್ರಿತ ಪತ್ರಿಕೆಯಲ್ಲಿ ಸೀರೆಯಂಗಡಿಯ ಪ್ರಕಟಣೆ ಇದ್ದರೆ, ಅದನ್ನು ಯಾರು ಓದಿದರು, ಯಾರು ಪುಟ ತಿರುಗಿಸಿದರು ಎಂದು ಅಂಗಡಿಯವನಿಗೆ ತಿಳಿಯುತ್ತಿರಲಿಲ್ಲ. ಆದರೂ ಪತ್ರಿಕೆ ನಡೆಯಿತು, ಸೀರೆಯೂ ಮಾರಿತು. ಹಾಗಾದರೆ ಜಾಹೀರಾತಿಗೆ ಹಿಂಬಾಲಿಸುವಿಕೆ ಅನಿವಾರ್ಯವಾದ ಅಂಗವಲ್ಲವೆಂದಾಯಿತು. ಅಂಗಡಿಯ ಮುಂದೆ ಫಲಕ ಹಾಕುವುದು ಒಂದು; ಗಿರಾಕಿಯ ಹಿಂದೆ ಆಳನ್ನು ಕಳುಹಿಸಿ ಅವನು ಯಾವ ವೈದ್ಯರ ಮನೆಗೆ ಹೋದನೆಂದು ಬರೆಸುವುದು ಇನ್ನೊಂದು. ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಓದುಗನೇ ಒತ್ತಿದ್ದಾನಲ್ಲ ಎಂದರೆ, ಯಾರೂ ಓದಲಾರದಷ್ಟು ಉದ್ದದ, ಪರಭಾಷೆಯ ಕರಾರಿಗೆ ಹಾಕಿಸಿಕೊಂಡ ಹೆಬ್ಬೆಟ್ಟನ್ನು ಪ್ರಾಮಾಣಿಕ ವರ್ತಕನು ಒಪ್ಪಿಗೆಯೆಂದು ಎಣಿಸುವುದಿಲ್ಲ. ಹಿಂಬಾಲಿಸುವ ಆಳನ್ನು ಬಾಗಿಲಲ್ಲಿ ತಡೆಯುವವನು ಕಳ್ಳನಲ್ಲ.

ಇಷ್ಟಕ್ಕೆ ಓದುಗನ ಲೆಕ್ಕ ಚುಕ್ತಾ ಆಯಿತೆಂದು ತಿಳಿಯುವುದೂ ತಪ್ಪು. ಆಳನ್ನು ತಡೆದದ್ದು ನ್ಯಾಯ. ಊಟದ ಋಣ ಮಾತ್ರ ಹಾಗೆಯೇ ಉಳಿದಿದೆ. ದಿನವೂ ಒಂದು ಪತ್ರಿಕೆಯ ತಾಣದಿಂದ ಪ್ರಯೋಜನ ಪಡೆಯುವವನು ಆ ಶ್ರಮಕ್ಕೆ ಪ್ರತಿಯಾಗಿ ಏನನ್ನೂ ಕೊಡದೆ ಇರುವುದು ಗೌರವವಲ್ಲ. ಅದಕ್ಕೆ ದಾರಿಗಳಿವೆ. ಚಂದಾ ಕೊಡಬಹುದು, ಕಾಣಿಕೆ ಕೇಳುವಲ್ಲಿ ಕಾಣಿಕೆ ಕೊಡಬಹುದು, ಹಿಂಬಾಲಿಸದೆ ಜಾಹೀರಾತು ತೋರಿಸುವ ತಾಣವಿದ್ದರೆ ಅಲ್ಲಿ ತಡೆಯನ್ನು ತೆಗೆಯಬಹುದು. ಒಂದೊಂದು ತಾಣಕ್ಕೆ ಬೇರೆ ಬೇರೆಯಾಗಿ ತಡೆಯನ್ನು ತೆಗೆದು ಹಾಕುವ ವ್ಯವಸ್ಥೆ ಈ ತಂತ್ರಾಂಶಗಳಲ್ಲಿಯೇ ಇದೆ. ಇವಾವುದನ್ನೂ ಮಾಡಲು ಮನಸ್ಸಿಲ್ಲದವನು ತಾನು ಖಾಸಗಿತನವನ್ನು ಕಾಪಾಡಿಕೊಳ್ಳುತ್ತಿದ್ದೇನೆಯೋ, ಕೇವಲ ಹಣವನ್ನೋ ಎಂದು ತನ್ನನ್ನೇ ಕೇಳಿಕೊಳ್ಳಬೇಕು.

ಮನೆಯಲ್ಲಿಯೇ ಉಗ್ರಾಣ

ತಡೆಗಿಂತ ಒಂದು ಹೆಜ್ಜೆ ಮುಂದೆ ಹೋದವರು ತಮ್ಮ ಉಗ್ರಾಣವನ್ನು ತಾವೇ ಇಟ್ಟುಕೊಳ್ಳುತ್ತಾರೆ. ಫ್ರಾಂಕ್ ಕಾರ್ಲಿಚೆಕ್ ಮತ್ತು ಸಂಗಡಿಗರು ಜರ್ಮನಿಯಲ್ಲಿ 2016ರಲ್ಲಿ ಆರಂಭಿಸಿದ ‘ನೆಕ್ಸ್ಟ್‌ಕ್ಲೌಡ್’ ಎಂಬ ತಂತ್ರಾಂಶವನ್ನು ಮನೆಯ ಸಾಧಾರಣ ಗಣಕಯಂತ್ರವೊಂದರಲ್ಲಿ ಹಾಕಿದರೆ ಕಾಗದಪತ್ರ, ಛಾಯಾಚಿತ್ರ, ದಿನಚರಿ, ವಿಳಾಸಪಟ್ಟಿಗಳನ್ನು ಅಲ್ಲಿಯೇ ಇಟ್ಟು ಮೊಬೈಲಿನಿಂದ ನೋಡಬಹುದು. ‘ಪೈ-ಹೋಲ್’ ಎಂಬ ಇನ್ನೊಂದನ್ನು ಅಂಗೈಯಗಲದ ಗಣಕವೊಂದರಲ್ಲಿ ಕೂಡಿಸಿ ಮನೆಯ ಅಂತರಜಾಲಕ್ಕೆ ಜೋಡಿಸಿದರೆ, ಮನೆಯೊಳಗಿನ ಎಲ್ಲ ಮೊಬೈಲು, ಟೀವಿಗಳಿಂದ ಹಿಂಬಾಲಕ ತಾಣಗಳಿಗೆ ಹೋಗುವ ಕರೆಗಳು ಅಲ್ಲಿಯೇ ನಿಲ್ಲುತ್ತವೆ. ಇವೆರಡಕ್ಕೂ ಬೆಲೆಯಿಲ್ಲ, ಒಳರಚನೆಯನ್ನು ಬಲ್ಲವರು ಯಾರು ಬೇಕಾದರೂ ಪರೀಕ್ಷಿಸಬಹುದು.

ಆದರೆ ಉಗ್ರಾಣ ಇಟ್ಟವನಿಗೆ ಬೀಗ, ದೀಪ, ಇಲಿ, ಮಳೆ ಎಲ್ಲದರ ಚಿಂತೆಯೂ ಬರುತ್ತದೆ. ತಂತ್ರಾಂಶವನ್ನು ಆಗಾಗ ನವೀಕರಿಸದಿದ್ದರೆ ಅದು ಹಿತ್ತಲ ಬಾಗಿಲು ತೆರೆದಿಟ್ಟಂತೆ. ಕಡತಗಳ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿಯಾದರೂ ಮನೆಯ ಹೊರಗೆ ಎಂಬುದು ಬಲ್ಲವರು ಪಾಲಿಸುವ ನಿಯಮ. ಇದನ್ನು ಮಾಡದವನು ಒಂದು ಸಿಡಿಲಿಗೆ ಮೊಮ್ಮಕ್ಕಳ ಚಿತ್ರಗಳನ್ನೆಲ್ಲ ಕಳೆದುಕೊಂಡಾನು. ಇಷ್ಟು ಶ್ರಮ ವಹಿಸಲಾರದವರು ಹಣ ಪಡೆದು ಸೇವೆ ಕೊಡುವ, ಮಾಹಿತಿಯನ್ನು ಮಾರದ ಸಂಸ್ಥೆಯನ್ನು ಆರಿಸಿಕೊಳ್ಳುವುದೇ ಮೇಲು. ಎಲ್ಲಕ್ಕಿಂತ ಸುಲಭವಾದ ರಕ್ಷಣೆ ಎಂದರೆ ಕಡಿಮೆ ಸಂಗ್ರಹಿಸುವುದು. ಇಲ್ಲದ ಕಡತವನ್ನು ಯಾರೂ ಕದಿಯಲಾರರು.

ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸೂಕ್ಷ್ಮವಿದೆ. ಮನೆಯನ್ನು ಕಾಯಲೆಂದು ಇಟ್ಟ ಪೈ-ಹೋಲ್ ಮನೆಯವರ ಪ್ರತಿಯೊಂದು ಕರೆಯನ್ನೂ ಸಾಮಾನ್ಯವಾಗಿ ಬರೆದಿಡುತ್ತದೆ. ಯಾವ ಮೊಬೈಲಿನಿಂದ, ಎಷ್ಟು ಹೊತ್ತಿಗೆ, ಯಾವ ತಾಣಕ್ಕೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಅದನ್ನು ಕೂಡಿಸಿದ ಯಜಮಾನನು ರಾತ್ರಿ ಕುಳಿತು ಆ ಪಟ್ಟಿಯನ್ನು ತೆರೆದರೆ, ಮಗಳು ಯಾವ ಊರಿನ ಕೆಲಸಕ್ಕಾಗಿ ಹುಡುಕಿದಳು, ಸೊಸೆಯು ಯಾವ ವೈದ್ಯರನ್ನು ವಿಚಾರಿಸಿದಳು, ತಮ್ಮನು ಯಾವ ಸಾಲದ ತಾಣಕ್ಕೆ ಹೋದನು ಎಂಬುದನ್ನು ಅವನು ಊಹಿಸಬಲ್ಲನು. ಸಾವಿರಾರು ಮೈಲಿ ದೂರದ ಸಂಸ್ಥೆಗೆ ಬಾಗಿಲು ಹಾಕಿದ ಕೈಯೇ ಮನೆಯೊಳಗಿನ ಬಾಗಿಲಿಗೆ ಕಿಂಡಿ ಕೊರೆದಂತಾಯಿತು. ದೂರದ ಸಂಸ್ಥೆಗೆ ಆ ಸೊಸೆಯ ಮುಖದ ಪರಿಚಯವೂ ಇಲ್ಲ. ಇವನಾದರೋ ಮರುದಿನ ಬೆಳಿಗ್ಗೆ ಅವಳ ಎದುರು ಕುಳಿತು ತಿಂಡಿ ತಿನ್ನಬೇಕಾದವನು. ಇವೆರಡರಲ್ಲಿ ಯಾವ ನೋಟ ಹೆಚ್ಚು ನೋಯಿಸುತ್ತದೆ ಎಂಬುದು ವಿಚಾರಣೀಯ.

ಪರಿಹಾರವೂ ಅದೇ ತಂತ್ರಾಂಶದಲ್ಲಿದೆ. ಹೆಸರು, ತಾಣ ಎರಡನ್ನೂ ಬರೆಯದೆ ಕೇವಲ ತಡೆಯುವಂತೆ ಅದನ್ನು ಹೊಂದಿಸಬಹುದು. ಹಾಗೆ ಹೊಂದಿಸಿ, ಏನು ಕೂಡಿಸಿದ್ದೇನೆ, ಏಕೆ ಕೂಡಿಸಿದ್ದೇನೆ ಎಂದು ಮನೆಯವರೆಲ್ಲರಿಗೂ ಮೊದಲೇ ತಿಳಿಸುವವನು ರಕ್ಷಕ. ತಿಳಿಸದೆ, ಬರೆಯಲು ಬಿಟ್ಟು, ಕುತೂಹಲಕ್ಕೆ ನೋಡುವವನು ತಾನು ಯಾರನ್ನು ದೂರಿದ್ದನೋ ಅವರ ಸಾಲಿಗೇ ಸೇರಿದನು. ಎಳೆಯ ಮಕ್ಕಳ ಮೇಲೆ ಹಿರಿಯರ ನಿಗಾ ಬೇಕೆನ್ನುವುದು ಸರಿ. ಅದು ಮಕ್ಕಳಿಗೆ ಗೊತ್ತಿದ್ದು ನಡೆಯುವ ನಿಗಾ ಆಗಿರಬೇಕು.

ಬಸದಿಯ ಕಚೇರಿಯ ಲೆಕ್ಕ

ಮನೆಗೆ ಸಲ್ಲುವ ಮಾತು ಸಂಸ್ಥೆಗೂ ಸಲ್ಲುತ್ತದೆ. ಬಸದಿಗಳ ಟ್ರಸ್ಟುಗಳಲ್ಲಿ ಇಂದು ದಾನಿಗಳ ಹೆಸರು, ದೂರವಾಣಿ, ಕೊಟ್ಟ ಮೊತ್ತ, ಯಾತ್ರಿಕರ ಗುರುತುಪತ್ರ, ವಿದ್ಯಾರ್ಥಿವೇತನ ಬೇಡಿದ ಬಡಮಕ್ಕಳ ಮನೆಯ ಸ್ಥಿತಿ ಎಲ್ಲವೂ ಗಣಕಯಂತ್ರದಲ್ಲಿ ಸೇರಿವೆ. ಭಕ್ತಿಯಿಂದ ಕೊಟ್ಟ ವಿವರ ವ್ಯಾಪಾರಕ್ಕೆಂದು ಕೊಟ್ಟದ್ದಲ್ಲ. ದಾನಿಗಳ ಪಟ್ಟಿಯನ್ನು ಪರಿಚಯದ ವ್ಯಾಪಾರಿಗೆ ಕೊಡುವುದು, ವೇತನ ಪಡೆದವರ ಅರ್ಜಿಯನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕುವುದು, ಪುಕ್ಕಟೆ ಸಿಗುತ್ತದೆಂದು ಟ್ರಸ್ಟಿನ ಜಾಲತಾಣದಲ್ಲಿ ಹಿಂಬಾಲಕ ಗುರುತುಗಳನ್ನು ಕೂಡಿಸುವುದು, ಇವು ದುರುದ್ದೇಶದಿಂದ ನಡೆಯುವುದಕ್ಕಿಂತ ಅಲಕ್ಷ್ಯದಿಂದ ನಡೆಯುವುದೇ ಹೆಚ್ಚು. ಅಲಕ್ಷ್ಯದಿಂದಾದ ಪೀಡೆಯೂ ಪೀಡೆಯೇ.

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಮುಖ್ಯ ಬಾಧ್ಯತೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಅವಕಾಶವನ್ನು ಕೊಡಲಾಯಿತು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲಿಯೂ, ಓದುವ ಅವಕಾಶವಿರಬೇಕೆಂದು ಕಾಯಿದೆ ಹೇಳುತ್ತದೆ. ಹದಿನೆಂಟು ತುಂಬದವರನ್ನು ಹಿಂಬಾಲಿಸುವುದನ್ನೂ ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ಅದು ನಿಷೇಧಿಸಿದೆ. ಆದರೆ ಕಾಯಿದೆಯ ಗಡುವಿಗಾಗಿ ಕಾಯಬೇಕಾದ ಅಗತ್ಯ ಧರ್ಮಸಂಸ್ಥೆಗಳಿಗೆ ಇಲ್ಲ. ಪರಿಗ್ರಹಕ್ಕೆ ಪರಿಮಾಣವಿರಲಿ ಎನ್ನುವವರು ಮಾಹಿತಿಯೂ ಒಂದು ಪರಿಗ್ರಹವೆಂದು ಒಪ್ಪಿದರೆ ಸಾಕು. ಬೇಕಾದಷ್ಟನ್ನೇ ಕೇಳುವುದು, ಕೇಳಿದ ಕಾರಣವನ್ನು ಕನ್ನಡದಲ್ಲಿ ಹೇಳುವುದು, ಕೆಲಸ ಮುಗಿದ ಮೇಲೆ ಅಳಿಸುವುದು, ಯಾರು ತೆರೆಯಬಹುದೆಂದು ಬರೆದಿಡುವುದು ಇವು ಯಾವ ಟ್ರಸ್ಟಿಗೂ ಭಾರವಾಗುವ ಕೆಲಸಗಳಲ್ಲ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರ ಹೀಗಾಗುತ್ತದೆ. ಹಿಂಬಾಲಕರನ್ನು ತಡೆಯುವುದು ಕಳವಲ್ಲ. ಕೊಡದದ್ದನ್ನು ಮೊದಲು ತೆಗೆದುಕೊಂಡವರು ಅವರು. ಆದರೆ ತಡೆದವನ ಮೇಲೆ ಎರಡು ಬಾಕಿಗಳು ಉಳಿಯುತ್ತವೆ. ಓದಿ ಪ್ರಯೋಜನ ಪಡೆದದ್ದಕ್ಕೆ ನ್ಯಾಯವಾದ ಬೆಲೆಯನ್ನು ಸಲ್ಲಿಸುವುದು ಒಂದು. ತನ್ನ ಕೈಗೆ ಬಂದ ಪರರ ಸಂಗತಿಗಳನ್ನು, ಅವು ಮಗಳದಾಗಿರಲಿ, ಗಿರಾಕಿಯದಾಗಿರಲಿ, ದಾನಿಯದಾಗಿರಲಿ, ಅವರು ಕೊಟ್ಟ ಕಾರಣದ ಆಚೆಗೆ ಮುಟ್ಟದಿರುವುದು ಇನ್ನೊಂದು. ಮೊದಲನೆಯದನ್ನು ತೀರಿಸಲು ಸ್ವಲ್ಪ ಹಣ ಸಾಕು. ಎರಡನೆಯದಕ್ಕೆ ಪ್ರತಿದಿನದ ಎಚ್ಚರ ಬೇಕು. ಹಳೆಯ ಅಂಗಡಿಯ ವರ್ತಕನು ಸಂಜೆ ದೀಪ ಹಚ್ಚಿ ಲೆಕ್ಕ ಮುಗಿಸಿದ ಮೇಲೆ ಖಾತೆಯ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದನು. ಪುಸ್ತಕದ ರೂಪ ಬದಲಾಗಿದ್ದರೂ ಆ ಕೆಲಸ ಇಂದಿಗೂ ಪ್ರತಿಯೊಂದು ಮನೆಯ, ಪ್ರತಿಯೊಂದು ಸಂಸ್ಥೆಯ ಪಾಲಿಗೆ ಉಳಿದೇ ಇದೆ.